ಇಲಿಯ ಮೆದುಳಿನಲ್ಲಿ ಕಂಪವಾತ: ಒಂದು ಕಾಯಿಲೆಗೆ ಮಾದರಿ ಕಟ್ಟುವವರ ದೀರ್ಘ ದುಡಿಮೆ

ಸ್ವೀಡನ್ನಿನ ದಕ್ಷಿಣ ತುದಿಯಲ್ಲಿರುವ ಲುಂಡ್ ವಿಶ್ವವಿದ್ಯಾಲಯದಲ್ಲಿ 1957ರಲ್ಲಿ ಆರ್ವಿಡ್ ಕಾರ್ಲ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಮೊಲಗಳಿಗೆ ರಿಸರ್ಪೀನ್ ಎಂಬ ಔಷಧವನ್ನು ಚುಚ್ಚಿದರು. ನಮ್ಮ ನಾಟಿ ವೈದ್ಯರು ತಲೆಮಾರುಗಳಿಂದ ಬಳಸುತ್ತಿದ್ದ ಸರ್ಪಗಂಧದ ಬೇರಿನಿಂದ ಈ ಔಷಧವನ್ನು ಬೇರ್ಪಡಿಸಿ ಆಗಿನ್ನೂ ಐದು ವರ್ಷಗಳಾಗಿದ್ದವು. ಚುಚ್ಚುಮದ್ದು ಪಡೆದ ಮೊಲಗಳು ಕಿವಿ ಜೋಲುಬಿಟ್ಟು, ಕೂತಲ್ಲಿಂದ ಅಲುಗಾಡದೆ ಮುದುಡಿಕೊಂಡವು. ಬಳಿಕ ಅದೇ ಮೊಲಗಳಿಗೆ ಎಲ್-ಡೋಪಾ ಎಂಬ ಮತ್ತೊಂದು ವಸ್ತುವನ್ನು ಕೊಟ್ಟಾಗ ಸ್ವಲ್ಪ ಹೊತ್ತಿನಲ್ಲೇ ಕಿವಿ ನೆಟ್ಟಗಾಗಿ, ಅವು ಎಂದಿನಂತೆ ಓಡಾಡತೊಡಗಿದವು. ನರಕೋಶಗಳ ನಡುವೆ ಸಂದೇಶ ಒಯ್ಯುವ ಡೋಪಮೈನ್ ಎಂಬ ರಾಸಾಯನಿಕದ ದಾಸ್ತಾನನ್ನು ರಿಸರ್ಪೀನ್ ಮೆದುಳಿನಲ್ಲಿ ಬರಿದುಮಾಡುತ್ತದೆ, ಎಲ್-ಡೋಪಾ ಅದನ್ನು ಮರಳಿ ತುಂಬುತ್ತದೆ ಎಂಬುದು ಮುಂದಿನ ಒಂದೆರಡು ವರ್ಷಗಳಲ್ಲಿ ಖಚಿತವಾಯಿತು. ಈ ಕೆಲಸಕ್ಕೆ ಕಾರ್ಲ್‌ಸನ್ ಅವರಿಗೆ 2000ನೇ ಇಸವಿಯ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಆ ಮೊಲಗಳಿಗೆ ಪಾರ್ಕಿನ್ಸನ್ ಕಾಯಿಲೆ, ಅಂದರೆ ನಾವು ಕಂಪವಾತ ಎನ್ನುವ ರೋಗ, ಬಂದಿರಲಿಲ್ಲ. ಅವುಗಳ ಒಂದು ನರಕೋಶವೂ ಸತ್ತಿರಲಿಲ್ಲ. ಔಷಧದ ಪ್ರಭಾವ ಇಳಿದ ಮೇಲೆ ಅವು ತಾವಾಗಿಯೇ ಚೇತರಿಸಿಕೊಳ್ಳುತ್ತಿದ್ದವು. ಆದರೂ ಕಾಯಿಲೆಯ ಒಂದು ಎಳೆಯನ್ನು, ಡೋಪಮೈನ್ ಇಲ್ಲದಿದ್ದರೆ ದೇಹದ ಚಲನೆ ನಿಲ್ಲುತ್ತದೆ ಎಂಬ ಎಳೆಯನ್ನು ಮಾತ್ರ, ಅವು ಸ್ಪಷ್ಟವಾಗಿ ತೋರಿಸಿದವು. 1960ರಲ್ಲಿ ವಿಯೆನ್ನಾದ ಒಲೆಹ್ ಹಾರ್ನಿಕೀವಿಚ್ ಮತ್ತು ಹರ್ಬರ್ಟ್ ಎಹ್ರಿಂಗರ್, ಪಾರ್ಕಿನ್ಸನ್ ಇದ್ದು ತೀರಿಕೊಂಡವರ ಮೆದುಳಿನಲ್ಲಿ ಡೋಪಮೈನ್ ತೀವ್ರವಾಗಿ ಕುಸಿದಿರುವುದನ್ನು ಅಳೆದು ತೋರಿಸಿದರು. ಮರುವರ್ಷವೇ ವಾಲ್ಟರ್ ಬಿರ್ಕ್‌ಮೇಯರ್ ರೋಗಿಗಳಿಗೆ ಎಲ್-ಡೋಪಾ ಕೊಟ್ಟು ನೋಡಿದರು. 1967ರಲ್ಲಿ ಅಮೆರಿಕದ ಜಾರ್ಜ್ ಕೊಟ್ಜಿಯಾಸ್ ಹೆಚ್ಚಿನ ಪ್ರಮಾಣದಲ್ಲಿ ಬಾಯಿಯ ಮೂಲಕ ಕೊಡುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ಈ ರೋಗದ ಮುಖ್ಯ ಔಷಧ ಅದೇ.

ರೋಗಿಗಳ ಮೇಲೆ ಔಷಧವನ್ನು ಪರೀಕ್ಷಿಸುವುದಕ್ಕೆ ಮೊದಲಿನ ಹಂತದಲ್ಲಿ ಪ್ರಾಣಿಗಳಲ್ಲಿಯೋ ಜೀವಕೋಶಗಳಲ್ಲಿಯೋ ಕಾಯಿಲೆಯ ಯಾವುದಾದರೂ ಅಂಶವನ್ನು ಉಂಟುಮಾಡುವ ವ್ಯವಸ್ಥೆಯನ್ನು ಪ್ರೀಕ್ಲಿನಿಕಲ್ ಮಾದರಿ ಎನ್ನುತ್ತಾರೆ. ಇಂಥ ಮಾದರಿಗಳನ್ನು ಕಟ್ಟುವುದು, ಅಳೆಯುವುದು, ತಿದ್ದುವುದು, ಅವುಗಳ ಮಿತಿಯನ್ನು ಗುರುತಿಸುವುದು ಇವಿಷ್ಟರಲ್ಲೇ ಇಡೀ ವೃತ್ತಿಜೀವನವನ್ನು ಕಳೆಯುವ ವಿಜ್ಞಾನಿಗಳಿದ್ದಾರೆ. ಹೊಸ ಔಷಧದ ಸುದ್ದಿ ಬಂದಾಗ ಅವರ ಹೆಸರು ಕೇಳಿಬರುವುದು ಅಪರೂಪ. ಆದರೆ ಆ ಔಷಧ ರೋಗಿಯನ್ನು ತಲಪಲು ಯೋಗ್ಯವೇ ಎಂಬ ಮೊದಲ ತೀರ್ಪು ಅವರ ಕೈಯಲ್ಲಿರುತ್ತದೆ. ಆ ತೀರ್ಪು ಏಕೆ ಇಷ್ಟು ಕಷ್ಟದ್ದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ. ನನ್ನ ತಿಳಿವಳಿಕೆಯಲ್ಲಿ ಅದರ ಉತ್ತರದ ಬಹುಭಾಗ ಒಂದೇ ಮಾತಿನಲ್ಲಿದೆ: ಕಾಲ.

ಮೆದುಳಿನ ಬುಡಭಾಗದಲ್ಲಿ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಸಣ್ಣ ಪ್ರದೇಶವಿದೆ. ಅಲ್ಲಿನ ನರಕೋಶಗಳಲ್ಲಿ ಮೆಲನಿನ್ ಜಾತಿಯ ವರ್ಣದ್ರವ್ಯ ಇರುವುದರಿಂದ ಕತ್ತರಿಸಿ ನೋಡಿದಾಗ ಅದು ಬರಿಗಣ್ಣಿಗೂ ಕಪ್ಪಾಗಿ ಕಾಣುತ್ತದೆ. ಈ ಕೋಶಗಳು ತಮ್ಮ ಉದ್ದನೆಯ ತಂತುಗಳನ್ನು ಸ್ಟ್ರಯೇಟಮ್ ಎಂಬ ಭಾಗಕ್ಕೆ ಚಾಚಿ, ಅಲ್ಲಿ ಡೋಪಮೈನನ್ನು ಸುರಿಸುತ್ತವೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಉಳಿದ ಕೆಲವು ಕೋಶಗಳೊಳಗೆ ಲೂಯಿ ಕಾಯಗಳೆಂಬ ಪ್ರೋಟೀನಿನ ಗಂಟುಗಳು ಕಾಣಿಸುತ್ತವೆ. ಕೈ ನಡುಗುವುದು, ಮೈ ಬಿಗಿಯುವುದು, ಹೆಜ್ಜೆ ಕಿರಿದಾಗುವುದು ಇವೆಲ್ಲ ಕಾಣಿಸಿಕೊಳ್ಳುವ ಹೊತ್ತಿಗೆ ಸ್ಟ್ರಯೇಟಮ್‌ನಲ್ಲಿರಬೇಕಾದ ಡೋಪಮೈನಿನ ಅರ್ಧಕ್ಕಿಂತ ಹೆಚ್ಚು ಭಾಗ ಹೋಗಿಬಿಟ್ಟಿರುತ್ತದೆ. ಅದಕ್ಕೂ ಎಷ್ಟೋ ವರ್ಷ ಮೊದಲೇ ವಾಸನೆ ತಿಳಿಯದಿರುವುದು, ಮಲಬದ್ಧತೆ, ಕನಸಿನಲ್ಲಿ ಕೈಕಾಲು ಬಡಿಯುವುದು ಮುಂತಾದ ಸೂಚನೆಗಳು ಇದ್ದಿರಬಹುದು. ಜೀವಂತ ಮನುಷ್ಯನ ಮೆದುಳಿನ ಆ ಭಾಗವನ್ನು ಚೂರು ತೆಗೆದು ನೋಡುವಂತಿಲ್ಲ. ಮರಣದ ನಂತರ ನೋಡಿದರೆ ಕಾಣುವುದು ಕೊನೆಯ ಸ್ಥಿತಿ ಮಾತ್ರ. ಕೆರೆ ಪೂರ್ತಿ ಬತ್ತಿದ ಮೇಲೆ ಬಂದು, ಮೊದಲ ಸೋರಿಕೆ ಏರಿಯ ಯಾವ ಕಡೆ ಆಯಿತೆಂದು ಹುಡುಕುವವನ ಪಾಡು ಇದು. ಆದ್ದರಿಂದಲೇ ಕಾಯಿಲೆಯ ಆರಂಭವನ್ನು ಕಣ್ಣೆದುರು ಮರುಸೃಷ್ಟಿಸುವ ಪ್ರಯತ್ನ ಅನಿವಾರ್ಯವಾಯಿತು. ಇಲಿ ಮುಪ್ಪಾದರೂ ಅದಕ್ಕೆ ಪಾರ್ಕಿನ್ಸನ್ ತಾನಾಗಿ ಬರುವುದಿಲ್ಲ.

ಮೊದಲು ಕೈಗೆ ಸಿಕ್ಕ ದಾರಿ ವಿಷದ್ದು. 1968ರಲ್ಲಿ ಸ್ಟಾಕ್‌ಹೋಮಿನ ಕ್ಯಾರೊಲಿನ್‌ಸ್ಕಾ ಸಂಸ್ಥೆಯ ಅರ್ಬನ್ ಉಂಗರ್‌ಸ್ಟೆಟ್, 6-ಹೈಡ್ರಾಕ್ಸಿಡೋಪಮೈನ್ ಎಂಬ ರಾಸಾಯನಿಕವನ್ನು ಇಲಿಯ ಮೆದುಳಿಗೆ ಸೂಜಿಯಿಂದ ಸೇರಿಸಿ ಡೋಪಮೈನ್ ಕೋಶಗಳನ್ನು ಕೊಲ್ಲಬಹುದೆಂದು ತೋರಿಸಿದರು. ಈ ವಸ್ತು ರಚನೆಯಲ್ಲಿ ಡೋಪಮೈನನ್ನು ಹೋಲುವುದರಿಂದ ಆ ಕೋಶಗಳು ಇದನ್ನು ತಮ್ಮದೇ ಎಂದು ಒಳಗೆಳೆದುಕೊಂಡು ಸಾಯುತ್ತವೆ. ಎರಡೂ ಬದಿಗೆ ಕೊಟ್ಟರೆ ಇಲಿ ತಿನ್ನುವುದನ್ನೂ ಕುಡಿಯುವುದನ್ನೂ ಬಿಟ್ಟು ಸಾಯುತ್ತದೆ. ಹಾಗಾಗಿ ಒಂದೇ ಬದಿಗೆ ಕೊಡುವುದು ರೂಢಿಯಾಯಿತು. ಒಂದು ಬದಿ ಬರಿದಾಗಿ ಇನ್ನೊಂದು ಬದಿ ನೆಟ್ಟಗಿರುವ ಇಲಿಗೆ, ಡೋಪಮೈನನ್ನು ಹೊರಹರಿಸುವ ಆಂಫೆಟಮೈನ್ ಕೊಟ್ಟರೆ ಅದು ಹಾನಿಯಾದ ಬದಿಯತ್ತ ಸುತ್ತು ಹೊಡೆಯುತ್ತದೆ. ಡೋಪಮೈನಿನಂತೆಯೇ ವರ್ತಿಸುವ ಅಪೊಮಾರ್ಫಿನ್ ಕೊಟ್ಟರೆ ವಿರುದ್ಧ ದಿಕ್ಕಿಗೆ ಸುತ್ತುತ್ತದೆ, ಏಕೆಂದರೆ ಬರಿದಾದ ಬದಿಯಲ್ಲಿ ಡೋಪಮೈನಿನ ಸಂದೇಶವನ್ನು ಪಡೆಯುವ ಗ್ರಾಹಕಗಳು ಹಸಿದು ಅತಿಸೂಕ್ಷ್ಮವಾಗಿರುತ್ತವೆ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದರೆ, ತಲೆಬುರುಡೆ ತೆರೆಯದೆಯೇ ಒಳಗಿನ ನಷ್ಟದ ಅಂದಾಜು ಸಿಗುತ್ತದೆ. ರೋಗಿ ಯಾರೂ ಹೀಗೆ ಗಿರಕಿ ಹೊಡೆಯುವುದಿಲ್ಲ, ನಿಜ. ಆದರೆ ಒಂದು ಅಳತೆಗೋಲಾಗಿ ಇದರಷ್ಟು ಸರಳವೂ ನಂಬಿಕಸ್ಥವೂ ಆದದ್ದು ಆ ಕಾಲದಲ್ಲಿ ಬೇರೊಂದಿರಲಿಲ್ಲ.

ಈ ಕ್ಷೇತ್ರಕ್ಕೆ ಪಿಎಚ್‌ಡಿಗೆ ಸೇರುವ ವಿದ್ಯಾರ್ಥಿ ಇಂದಿಗೂ ಬಹುಪಾಲು ಇಲ್ಲಿಂದಲೇ ಆರಂಭಿಸುತ್ತಾನೆ ಅಥವಾ ಆರಂಭಿಸುತ್ತಾಳೆ. ಅರಿವಳಿಕೆ ಕೊಟ್ಟ ಇಲಿಯ ತಲೆಯನ್ನು ಸ್ಟೀರಿಯೊಟ್ಯಾಕ್ಸಿಕ್ ಚೌಕಟ್ಟಿನಲ್ಲಿ ಅಲುಗದಂತೆ ಕೂರಿಸಿ, ಬುರುಡೆಯ ಎಲುಬುಗಳು ಕೂಡುವ ಬ್ರೆಗ್ಮಾ ಎಂಬ ಬಿಂದುವಿನಿಂದ ಹಿಂದಕ್ಕೆ, ಪಕ್ಕಕ್ಕೆ, ಆಳಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಲೆಕ್ಕದಲ್ಲಿ ಅಳೆದು ಸೂಜಿ ಇಳಿಸಬೇಕು. ವಿಷದ ದ್ರಾವಣ ಗಾಳಿ ಬೆಳಕು ತಾಗಿದರೆ ಬಣ್ಣ ತಿರುಗಿ ಕೆಡುತ್ತದೆ. ಅದಕ್ಕೆ ಸ್ವಲ್ಪ ಆಸ್ಕಾರ್ಬಿಕ್ ಆಮ್ಲ ಬೆರೆಸಿ, ಮಂಜುಗಡ್ಡೆಯ ಮೇಲೆ ಕತ್ತಲಲ್ಲಿ ಇಟ್ಟುಕೊಳ್ಳಬೇಕು. ನಾರ್‌ಅಡ್ರಿನಲಿನ್ ಎಂಬ ಬೇರೊಂದು ಸಂದೇಶವಾಹಕವನ್ನು ಬಳಸುವ ಕೋಶಗಳೂ ಸಾಯದಿರಲೆಂದು ಮೊದಲೇ ಡೆಸಿಪ್ರಮಿನ್ ಎಂಬ ಔಷಧ ಕೊಡುವುದುಂಟು. ವಾರಗಳ ನಂತರ ಮೆದುಳನ್ನು ತೆಳುವಾಗಿ ಹೆಚ್ಚಿ, ಡೋಪಮೈನ್ ತಯಾರಿಸುವ ಕಿಣ್ವಕ್ಕೆ ಅಂಟುವ ಬಣ್ಣ ಹಾಕಿ, ಉಳಿದ ಕೋಶಗಳನ್ನು ಸೂಕ್ಷ್ಮದರ್ಶಕದಡಿ ಎಣಿಸಬೇಕು. ಯಾವ ಇಲಿಗೆ ಔಷಧ, ಯಾವುದಕ್ಕೆ ಬರೀ ಉಪ್ಪುನೀರು ಎಂಬುದು ಎಣಿಸುವವರಿಗೆ ಗೊತ್ತಿರಬಾರದು. ಸೂಜಿ ಕೂದಲೆಳೆಯಷ್ಟು ಪಕ್ಕಕ್ಕೆ ಹೋದರೂ ಫಲಿತಾಂಶ ಬೇರೆಯಾಗುವುದರಿಂದ, ಕೈ ಕುದುರುವುದಕ್ಕೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರಬಂಧದಲ್ಲಿ ಒಂದು ಸಾಲಾಗುವ ಈ ಕೌಶಲದ ಮೇಲೆಯೇ ಉಳಿದ ಎಲ್ಲ ವಾದವೂ ನಿಂತಿರುತ್ತದೆ.

ಎರಡನೆಯ ವಿಷ ಬಂದದ್ದು ದುರಂತವೊಂದರ ಮೂಲಕ. 1982ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕಣಿವೆಯಲ್ಲಿ ಕೆಲವು ಯುವ ಮಾದಕವ್ಯಸನಿಗಳು ಇದ್ದಕ್ಕಿದ್ದಂತೆ ಕಲ್ಲಿನಂತೆ ಬಿಗಿದುಹೋದ ಸ್ಥಿತಿಯಲ್ಲಿ ಆಸ್ಪತ್ರೆ ಸೇರಿದರು. ನರವೈದ್ಯ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಜೊತೆಗಾರರು ಅವರು ಚುಚ್ಚಿಕೊಂಡಿದ್ದ ಕೃತಕ ಹೆರಾಯಿನ್‌ನಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇದ್ದುದನ್ನು ಪತ್ತೆಹಚ್ಚಿ 1983ರಲ್ಲಿ ಪ್ರಕಟಿಸಿದರು. ಮೆದುಳಿನ ಪೋಷಕ ಕೋಶಗಳಲ್ಲಿರುವ ಎಂಎಒ-ಬಿ ಕಿಣ್ವ ಇದನ್ನು ಎಂಪಿಪಿ ಪ್ಲಸ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಡೋಪಮೈನ್ ಕೋಶಗಳು ಅದನ್ನು ಒಳಗೆಳೆದುಕೊಳ್ಳುತ್ತವೆ. ಅದು ಮೈಟೊಕಾಂಡ್ರಿಯಾದ ಶಕ್ತಿ ಉತ್ಪಾದನೆಯ ಸರಪಳಿಯ ಮೊದಲ ಕೊಂಡಿಯನ್ನೇ ತಡೆಯುತ್ತದೆ. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಕೋತಿಗಳಲ್ಲಿ ಇದರಿಂದ ಪಾರ್ಕಿನ್ಸನ್ ಲಕ್ಷಣಗಳನ್ನು ಉಂಟುಮಾಡಿದರು. ಆಶ್ಚರ್ಯವೆಂದರೆ ಇಲಿಗೆ ಈ ವಿಷ ಅಷ್ಟಾಗಿ ತಟ್ಟುವುದಿಲ್ಲ, ಅದಕ್ಕಿಂತ ಚಿಕ್ಕದಾದ ಸುಂಡಿಲಿಗೆ ತಟ್ಟುತ್ತದೆ. ಸುಂಡಿಲಿಗಳಲ್ಲೂ ಸಿ57 ಎಂಬ ಕಪ್ಪು ತಳಿ ಬೇಗ ಬಲಿಯಾಗುತ್ತದೆ, ಸಿಡಿ-1 ಎಂಬ ಬಿಳಿ ತಳಿ ತಡೆದುಕೊಳ್ಳುತ್ತದೆ. 2000ದಲ್ಲಿ ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ತಿಮೊಥಿ ಗ್ರೀನಮೈರ್ ತಂಡ, ಕೀಟನಾಶಕವಾಗಿ ಬಳಕೆಯಲ್ಲಿದ್ದ ರೊಟಿನೋನನ್ನು ಇಲಿಗಳಿಗೆ ವಾರಗಟ್ಟಲೆ ಸ್ವಲ್ಪಸ್ವಲ್ಪವಾಗಿ ಕೊಟ್ಟು, ಕೋಶಗಳು ನಿಧಾನವಾಗಿ ಸಾಯುವುದನ್ನೂ ಒಳಗೆ ಪ್ರೋಟೀನಿನ ಗಂಟುಗಳಾಗುವುದನ್ನೂ ತೋರಿಸಿತು.

ವಿಷದ ಮಾದರಿಗಳು ಕೊಟ್ಟ ಅತಿ ದೊಡ್ಡ ಫಲವನ್ನು ಇಲ್ಲಿ ಹೇಳಲೇಬೇಕು. 1990ರಲ್ಲಿ ಹಗಾಯ್ ಬರ್ಗ್‌ಮನ್, ಥಾಮಸ್ ವಿಖ್‌ಮನ್ ಮತ್ತು ಮ್ಯಾಲನ್ ಡಿಲಾಂಗ್, ಎಂಪಿಟಿಪಿ ಪಡೆದ ಕೋತಿಗಳ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಭಾಗವನ್ನು ನಿಷ್ಕ್ರಿಯಗೊಳಿಸಿದಾಗ ಬಿಗಿತ, ನಿಧಾನಗತಿಗಳು ಹೋದುದನ್ನು ಕಂಡರು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಮ್-ಲೂಯಿ ಬೆನಾಬಿದ್ 1993ರಲ್ಲಿ ಅದೇ ಜಾಗಕ್ಕೆ ತಂತಿ ಇಳಿಸಿ ವಿದ್ಯುತ್ ಪ್ರಚೋದನೆ ಕೊಡುವ ಚಿಕಿತ್ಸೆಯನ್ನು ಮನುಷ್ಯರಲ್ಲಿ ಆರಂಭಿಸಿದರು. ಇಂದು ಬೆಂಗಳೂರಿನ ಆಸ್ಪತ್ರೆಗಳಲ್ಲೂ ನಡೆಯುವ ಡೀಪ್ ಬ್ರೇನ್ ಸ್ಟಿಮ್ಯುಲೇಷನ್ ಶಸ್ತ್ರಚಿಕಿತ್ಸೆ ಈ ದಾರಿಯಲ್ಲಿ ಬಂದದ್ದು. ಪ್ರಾಣಿ ಮಾದರಿಗಳೆಲ್ಲ ವ್ಯರ್ಥ ಎಂದು ಹೇಳುವವರು ಇದನ್ನು ಮರೆತು ಮಾತಾಡುತ್ತಾರೆ.

ಆದರೆ ಲಕ್ಷಣವನ್ನು ತಗ್ಗಿಸುವುದು ಒಂದು, ಕೋಶಗಳ ಸಾವನ್ನು ತಡೆಯುವುದು ಇನ್ನೊಂದು. ಮೊದಲನೆಯದರಲ್ಲಿ ಮಾದರಿಗಳು ಗೆದ್ದವು; ಎರಡನೆಯದರಲ್ಲಿ ಮತ್ತೆಮತ್ತೆ ಸೋತವು. ಪ್ರಾಣಿಗಳಲ್ಲಿ ಕೋಶಗಳನ್ನು ಉಳಿಸಿದ ಕ್ರಿಯೇಟೀನ್ 1,741 ರೋಗಿಗಳ ದೊಡ್ಡ ಪ್ರಯೋಗದಲ್ಲಿ ಪ್ರಯೋಜನ ಕಾಣದೆ 2013ರಲ್ಲಿ ನಿಂತುಹೋಯಿತು. ಕೋಎಂಜೈಮ್ ಕ್ಯೂ10, ಇಸ್ರಾಡಿಪೀನ್ ಮುಂತಾದವುಗಳ ಕಥೆಯೂ ಅದೇ. ಇದಕ್ಕೆ ಕಾರಣ ಹುಡುಕುವಾಗ ಕಾಲದ ಪ್ರಶ್ನೆ ಎದುರಾಗುತ್ತದೆ. ಸುಂಡಿಲಿಗೆ ಎಂಪಿಟಿಪಿ ಕೊಟ್ಟರೆ ಕೆಲವೇ ದಿನಗಳಲ್ಲಿ ಕೋಶಗಳು ಸಾಯುತ್ತವೆ. ಬಹಳಷ್ಟು ಪ್ರಯೋಗಗಳಲ್ಲಿ ಔಷಧವನ್ನು ವಿಷಕ್ಕೆ ಮೊದಲೇ ಅಥವಾ ಅದರ ಜೊತೆಗೇ ಕೊಟ್ಟಿರುತ್ತಾರೆ. ಅಲ್ಲಿ ಔಷಧ ಕಾಯಿಲೆಯನ್ನು ತಡೆಯಿತೋ, ವಿಷ ಕೋಶದೊಳಗೆ ಹೋಗುವುದನ್ನಷ್ಟೇ ತಡೆಯಿತೋ ಹೇಳುವುದು ಕಷ್ಟ. ಮನುಷ್ಯನಿಗಾದರೋ ಔಷಧ ಸಿಗುವುದು ಅರ್ಧ ಕೋಶಗಳು ಹೋದ ನಂತರ, ಅದೂ ಎಷ್ಟೋ ವರ್ಷಗಳಿಂದ ನಡೆದುಬಂದ ಪ್ರಕ್ರಿಯೆಯ ನಡುವೆ. ಪ್ರಯೋಗದ ಪ್ರಾಣಿ ಹೆಚ್ಚಾಗಿ ಹರೆಯದ ಗಂಡು, ರೋಗಿ ಹೆಚ್ಚಾಗಿ ಅರವತ್ತು ದಾಟಿದವರು.

1997ರಲ್ಲಿ ದಾರಿ ಬದಲಾಯಿತು. ದಕ್ಷಿಣ ಇಟಲಿಯ ಕುಟುಂಬವೊಂದರಲ್ಲಿ ವಂಶಪಾರಂಪರ್ಯವಾಗಿ ಬರುತ್ತಿದ್ದ ಪಾರ್ಕಿನ್ಸನ್ ಕಾಯಿಲೆಗೆ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನ ವಂಶವಾಹಿಯಲ್ಲಿನ ದೋಷ ಕಾರಣವೆಂದು ತಿಳಿಯಿತು. ಅದೇ ವರ್ಷ ಕೇಂಬ್ರಿಡ್ಜ್‌ನ ಮರಿಯಾ ಗ್ರಾಸಿಯಾ ಸ್ಪಿಲಾಂಟಿನಿ ಮತ್ತು ಮೈಕೆಲ್ ಗೊಡೆರ್ಟ್ ಅವರ ತಂಡ ಲೂಯಿ ಕಾಯಗಳು ಮುಖ್ಯವಾಗಿ ಇದೇ ಪ್ರೋಟೀನಿನಿಂದಾದವು ಎಂದು ತೋರಿಸಿತು. ಹಾಗಾದರೆ ಆ ದೋಷವನ್ನು ಸುಂಡಿಲಿಗೆ ತಂದುಹಾಕಿದರೆ ಕಾಯಿಲೆ ಬರಬೇಕಲ್ಲವೇ? ಇಲ್ಲಿ ಪ್ರಕೃತಿ ಒಂದು ಕಠಿಣ ಪಾಠ ಹೇಳಿತು. ಇಟಲಿಯ ಕುಟುಂಬದವರಲ್ಲಿ ಪ್ರೋಟೀನಿನ 53ನೇ ಸ್ಥಾನದಲ್ಲಿ ಅಲನಿನ್ ಎಂಬ ಅಮೈನೊ ಆಮ್ಲದ ಬದಲು ಥ್ರಿಯೊನಿನ್ ಎಂಬುದು ಬಂದದ್ದೇ ದೋಷ. ಆದರೆ ಸುಂಡಿಲಿಯ ಸಹಜ ಪ್ರೋಟೀನಿನಲ್ಲಿ ಆ ಸ್ಥಾನದಲ್ಲಿರುವುದು ಥ್ರಿಯೊನಿನ್ನೇ, ಮತ್ತು ಸುಂಡಿಲಿ ಆರೋಗ್ಯವಾಗಿಯೇ ಇರುತ್ತದೆ. ಮನುಷ್ಯನಲ್ಲಿ ಎಳೆ ವಯಸ್ಸಿನಲ್ಲೇ ಕಾಯಿಲೆ ತರುವ ಪಾರ್ಕಿನ್ ವಂಶವಾಹಿಯನ್ನು ಸುಂಡಿಲಿಯಲ್ಲಿ ಪೂರ್ತಿ ತೆಗೆದುಹಾಕಿದರೂ ಅದರ ನೈಗ್ರಾ ಕೋಶಗಳು ಸಾಯುವುದಿಲ್ಲ. ಎರಡು ವರ್ಷ ಬದುಕುವ ಪ್ರಾಣಿಗೆ, ಎಷ್ಟೋ ದಶಕಗಳಲ್ಲಿ ಹಣ್ಣಾಗುವ ದೋಷ ಫಲಿಸುವಷ್ಟು ಸಮಯವೇ ಇಲ್ಲ ಎಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು.

ಲುಂಡ್‌ನ ಕಥೆಗೆ ಮರಳುವುದಾದರೆ, ಅಲ್ಲಿನ ಆಂಡರ್ಸ್ ಬ್ಯೋರ್ಕ್‌ಲುಂಡ್ ಅವರ ವೃತ್ತಿಜೀವನ ಈ ಕ್ಷೇತ್ರದ ಎಲ್ಲ ತಿರುವುಗಳನ್ನೂ ಒಳಗೊಂಡಿದೆ. 1979ರಲ್ಲಿ ಅವರು ಉಲ್ಫ್ ಸ್ಟೆನೆವಿ ಜೊತೆಗೂಡಿ, ಭ್ರೂಣದ ಡೋಪಮೈನ್ ಕೋಶಗಳನ್ನು 6-ಹೈಡ್ರಾಕ್ಸಿಡೋಪಮೈನ್ ಇಲಿಗೆ ನೆಟ್ಟಾಗ ಅದು ಗಿರಕಿ ಹೊಡೆಯುವುದು ಕಡಿಮೆಯಾದುದನ್ನು ವರದಿ ಮಾಡಿದರು. ಅದೇ ಅವಧಿಯಲ್ಲಿ ಅಮೆರಿಕದ ತಂಡವೂ ಇದನ್ನೇ ಕಂಡಿತ್ತು. 1987ರಲ್ಲಿ ಲುಂಡ್‌ನಲ್ಲಿ ಮೊದಲ ರೋಗಿಗಳಿಗೆ ಈ ಕಸಿ ನಡೆಯಿತು. 2002ರಲ್ಲಿ ಡೆನಿಜ್ ಕಿರಿಕ್ ಮತ್ತು ಬ್ಯೋರ್ಕ್‌ಲುಂಡ್ ಮತ್ತೊಂದು ಮಾದರಿ ಕಟ್ಟಿದರು: ನಿರಪಾಯಕಾರಿ ವೈರಸ್ಸಿನ ಮೂಲಕ ಮನುಷ್ಯನ ಆಲ್ಫಾ-ಸಿನ್ಯೂಕ್ಲಿನ್ ವಂಶವಾಹಿಯನ್ನು ವಯಸ್ಕ ಇಲಿಯ ನೈಗ್ರಾಕ್ಕೆ ನೇರವಾಗಿ ಸೇರಿಸಿದಾಗ, ಕೋಶಗಳು ವಾರಗಳ ಅವಧಿಯಲ್ಲಿ ಕುಗ್ಗಿ ಸಾಯತೊಡಗಿದವು.

ವಿಷದ ಮಾದರಿ ಮತ್ತು ಆಲ್ಫಾ-ಸಿನ್ಯೂಕ್ಲಿನ್ ಮಾದರಿ ಒಂದೇ ಔಷಧದ ಬಗ್ಗೆ ಬೇರೆಬೇರೆ ತೀರ್ಪು ಕೊಟ್ಟ ಪ್ರಸಂಗ ನನಗೆ ಇಡೀ ವಿಷಯದ ಕೇಂದ್ರವೆಂದು ತೋರುತ್ತದೆ. ಜಿಡಿಎನ್‌ಎಫ್ ಎಂಬುದು ನರಕೋಶಗಳನ್ನು ಪೋಷಿಸುವ ಪ್ರೋಟೀನು. 1993ರಲ್ಲಿ ಪತ್ತೆಯಾದ ಇದು ವಿಷದ ಮಾದರಿಗಳಲ್ಲಿ ಡೋಪಮೈನ್ ಕೋಶಗಳನ್ನು ಸೊಗಸಾಗಿ ಉಳಿಸಿತು. ಆದರೆ ರೋಗಿಗಳಲ್ಲಿ ನಡೆದ ಹೋಲಿಕೆಯ ಪ್ರಯೋಗಗಳು, 2019ರಲ್ಲಿ ಪ್ರಕಟವಾದ ಬ್ರಿಸ್ಟಲ್‌ನ ಪ್ರಯೋಗವೂ ಸೇರಿದಂತೆ, ತಮ್ಮ ಮುಖ್ಯ ಗುರಿಯನ್ನು ತಲಪಲಿಲ್ಲ. ಈ ನಡುವೆ 2011ರಲ್ಲಿ ಲುಂಡ್‌ನ ತಂಡ ಅದೇ ಜಿಡಿಎನ್‌ಎಫ್ ಅನ್ನು ತಮ್ಮ ಆಲ್ಫಾ-ಸಿನ್ಯೂಕ್ಲಿನ್ ಇಲಿಗಳಲ್ಲಿ ಪರೀಕ್ಷಿಸಿತು. ಕೋಶಗಳು ಉಳಿಯಲಿಲ್ಲ. ಹೆಚ್ಚಾದ ಸಿನ್ಯೂಕ್ಲಿನ್ ಕೋಶದೊಳಗೆ ನರ್1 ಎಂಬ ನಿಯಂತ್ರಕವನ್ನು ತಗ್ಗಿಸುತ್ತದೆ, ಅದರಿಂದ ಜಿಡಿಎನ್‌ಎಫ್‌ನ ಗ್ರಾಹಕವೂ ಕಡಿಮೆಯಾಗುತ್ತದೆ, ಹಾಗಾಗಿ ಪೋಷಣೆ ಬಂದರೂ ಬಾಗಿಲು ತೆರೆಯುವವರಿಲ್ಲ ಎಂದು ಅವರು ವಿವರಿಸಿದರು. ಈ ವಿವರಣೆ ರೋಗಿಗಳಿಗೂ ಅನ್ವಯಿಸುತ್ತದೆಯೇ ಎಂದು ಬಳಿಕ ಬೇರೆಯವರು ಪ್ರಶ್ನಿಸಿದ್ದಾರೆ, ಚರ್ಚೆ ಮುಗಿದಿಲ್ಲ. ಆದರೂ ಒಂದು ಮಾತು ಸ್ಪಷ್ಟವಾಯಿತು. ವಿಷ ತಗುಲಿದ ಕೋಶವನ್ನು ಉಳಿಸಬಹುದೇ ಎಂದು ಕೇಳಿದಾಗ ಸಿಕ್ಕ ಉತ್ತರವನ್ನು, ಒಳಗಿನಿಂದಲೇ ಪ್ರೋಟೀನು ಕಟ್ಟಿಕೊಂಡು ಬಳಲುತ್ತಿರುವ ಕೋಶಕ್ಕೂ ಉತ್ತರವೆಂದು ನಾವು ಬಗೆದಿದ್ದೆವು.

ಕಸಿಯ ಪ್ರಯೋಗಗಳಿಂದ ಅನಿರೀಕ್ಷಿತವಾದ ಇನ್ನೊಂದು ಅರಿವು ಮೂಡಿತು. ಹತ್ತಕ್ಕೂ ಹೆಚ್ಚು ವರ್ಷ ಕಸಿಯೊಂದಿಗೆ ಬದುಕಿ ತೀರಿಕೊಂಡ ರೋಗಿಗಳ ಮೆದುಳನ್ನು ಪರೀಕ್ಷಿಸಿದಾಗ, ನೆಟ್ಟ ಎಳೆಯ ಕೋಶಗಳಲ್ಲೂ ಲೂಯಿ ಕಾಯಗಳು ಕಂಡವೆಂದು 2008ರಲ್ಲಿ ಲುಂಡ್ ಮತ್ತು ಶಿಕಾಗೊ ತಂಡಗಳು ಪ್ರತ್ಯೇಕವಾಗಿ ವರದಿ ಮಾಡಿದವು. ಕೆಟ್ಟ ಪ್ರೋಟೀನು ಕೋಶದಿಂದ ಕೋಶಕ್ಕೆ ಹಬ್ಬುತ್ತಿರಬಹುದು ಎಂಬ ಊಹೆಗೆ ಇದರಿಂದ ಬಲ ಬಂತು. 2012ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೆಲ್ವಿನ್ ಲುಕ್ ಮತ್ತು ವರ್ಜೀನಿಯಾ ಲೀ ಅವರ ತಂಡ, ಪ್ರಯೋಗಾಲಯದಲ್ಲಿ ಹೆಪ್ಪುಗಟ್ಟಿಸಿದ ಆಲ್ಫಾ-ಸಿನ್ಯೂಕ್ಲಿನ್ ಎಳೆಗಳನ್ನು ಸಾಧಾರಣ ಸುಂಡಿಲಿಯ ಸ್ಟ್ರಯೇಟಮ್‌ಗೆ ಚುಚ್ಚಿತು. ಹಾಲಿಗೆ ಹೆಪ್ಪು ಹಾಕಿದಂತೆ ಸುಂಡಿಲಿಯ ಸ್ವಂತ ಪ್ರೋಟೀನೂ ಗಂಟುಕಟ್ಟಿತು. ಮುಂದಿನ ಆರು ತಿಂಗಳಲ್ಲಿ ನೈಗ್ರಾದ ಕೋಶಗಳು ಸಾಯುತ್ತ ಬಂದು ಚಲನೆಯೂ ಕೆಟ್ಟಿತು. ದಿನಗಳಲ್ಲಿ ನಡೆಯುತ್ತಿದ್ದುದು ಈಗ ತಿಂಗಳುಗಳಿಗೆ ಹರಡಿತು. ಔಷಧವನ್ನು ನಡುವೆ ಎಲ್ಲಿಯಾದರೂ ಆರಂಭಿಸಿ ನೋಡುವ ಅವಕಾಶ ದೊರೆತದ್ದೇ ಈ ಮಾದರಿಯ ದೊಡ್ಡ ಗುಣ.

ನಿಧಾನವಾದ ಮಾದರಿ ವಿಜ್ಞಾನಕ್ಕೆ ಒಳ್ಳೆಯದು, ವಿಜ್ಞಾನಿಯ ವೃತ್ತಿಗೆ ಕಷ್ಟ. ಪಿಎಚ್‌ಡಿಗೆ ಐದಾರು ವರ್ಷ, ಪೋಸ್ಟ್‌ಡಾಕ್ ಅವಧಿ ಎರಡು ಮೂರು ವರ್ಷ, ಸಂಶೋಧನಾ ಅನುದಾನ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಮುದಿ ಸುಂಡಿಲಿಯಲ್ಲಿ ಪ್ರಯೋಗ ಮಾಡಬೇಕೆಂದರೆ ಮೊದಲ ಒಂದೂವರೆ ವರ್ಷ ಅದನ್ನು ಸಾಕುವುದರಲ್ಲೇ ಹೋಗುತ್ತದೆ; ಅಷ್ಟರಲ್ಲಿ ಹಲವು ಸಾಯುತ್ತವೆ, ಸಾಕುವ ಖರ್ಚು ಏರುತ್ತದೆ, ಅನುದಾನದ ವರದಿ ಕೇಳುವ ದಿನ ಬರುತ್ತದೆ. ಒಂದು ವಾರದಲ್ಲಿ ಫಲ ಕೊಡುವ ವಿಷದ ಮಾದರಿಯನ್ನು ಯುವ ಸಂಶೋಧಕರು ಆರಿಸಿಕೊಂಡರೆ ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ. ಔಷಧ ಕೆಲಸ ಮಾಡಲಿಲ್ಲ ಎಂಬ ಫಲಿತಾಂಶವನ್ನು ಪ್ರಕಟಿಸುವುದು ಇಂದಿಗೂ ಕಷ್ಟವಾಗಿರುವಾಗ, ಲುಂಡ್‌ನವರು ತಾವೇ ಆಶೆಯಿಟ್ಟಿದ್ದ ಜಿಡಿಎನ್‌ಎಫ್ ಸೋತುದನ್ನು ಮುಚ್ಚಿಡದೆ ಬರೆದದ್ದು ಎಷ್ಟು ಮುಖ್ಯವೆಂಬುದು ಈ ಹಿನ್ನೆಲೆಯಲ್ಲಿ ತಿಳಿಯುತ್ತದೆ.

ಮಾದರಿಯ ಪ್ರಶ್ನೆ ಯಾವಾಗಲೂ ಹೊರದೇಶದಿಂದಲೇ ಬರಬೇಕೆಂದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರು 1998ರಲ್ಲಿ, ಭಾರತೀಯರ ಮೆದುಳುಗಳಲ್ಲಿ ನೈಗ್ರಾದ ವರ್ಣಯುಕ್ತ ಕೋಶಗಳ ಸಂಖ್ಯೆ ಕಡಿಮೆಯಿದ್ದರೂ ವಯಸ್ಸಾದಂತೆ ಅವು ನಷ್ಟವಾಗುವುದು ಕಾಣಲಿಲ್ಲವೆಂದು ವರದಿ ಮಾಡಿದರು. ಐದು ವರ್ಷಗಳ ನಂತರ, ಬೆಂಗಳೂರಿನ ವೃದ್ಧಾಶ್ರಮಗಳಲ್ಲಿ ನಡೆಸಿದ ಅಧ್ಯಯನದಲ್ಲಿ ಯುರೋಪಿಯನ್ ಮತ್ತು ಭಾರತೀಯ ಮಿಶ್ರ ವಂಶದವರಾದ ಆಂಗ್ಲೋ-ಇಂಡಿಯನ್ನರಲ್ಲಿ ಪಾರ್ಕಿನ್ಸನ್ ಕಾಯಿಲೆ ಕಡಿಮೆಯೆಂದು ಕಂಡುಬಂತು. ಈ ಸುಳಿವನ್ನು ಪ್ರಯೋಗಾಲಯಕ್ಕೆ ತರುವುದು ಹೇಗೆ? ನಿಮ್ಹಾನ್ಸ್‌ನ ತಂಡ ವಿಷಕ್ಕೆ ಬಲಿಯಾಗುವ ಸಿ57 ತಳಿಯನ್ನೂ ತಡೆದುಕೊಳ್ಳುವ ಸಿಡಿ-1 ತಳಿಯನ್ನೂ ಕೂಡಿಸಿ ಮಿಶ್ರತಳಿಯ ಸುಂಡಿಲಿಗಳನ್ನು ಬೆಳೆಸಿ ಎಂಪಿಟಿಪಿ ಕೊಟ್ಟಿತು. ಮಿಶ್ರತಳಿ ಆ ವಿಷವನ್ನು ಚೆನ್ನಾಗಿ ತಡೆದುಕೊಂಡಿತು. ಊರಿನ ವೃದ್ಧಾಶ್ರಮದಲ್ಲಿ ಕಂಡ ಸಂಗತಿಯಿಂದ ಸುಂಡಿಲಿಯ ಪಂಜರದವರೆಗೆ ಹೀಗೆ ಒಂದು ಪ್ರಶ್ನೆಯನ್ನು ಕೊಂಡೊಯ್ಯುವುದು ಈ ವೃತ್ತಿಯ ಅತ್ಯುತ್ತಮ ರೂಪವೆಂದು ನಾನು ಭಾವಿಸುತ್ತೇನೆ. ಅಲ್ಲಿ ಕಾಯಿಲೆ ಯಾಕೆ ಬಂತು ಎಂದು ಕೇಳುವ ಬದಲು ಯಾಕೆ ಬರಲಿಲ್ಲ ಎಂದು ಕೇಳಿದ್ದಾರೆ.

ಪ್ರಾಣಿಗಳನ್ನು ನೋಯಿಸುವ ಈ ಕೆಲಸಕ್ಕೆ ಕಟ್ಟುಪಾಡುಗಳಿವೆ, ಇರಲೇಬೇಕು. ಬೇರೆ ಮಾರ್ಗವಿದ್ದರೆ ಪ್ರಾಣಿಯನ್ನು ಬಳಸಬಾರದು, ಬಳಸಿದರೆ ಸಾಧ್ಯವಾದಷ್ಟು ಕಡಿಮೆ ಬಳಸಬೇಕು, ನೋವನ್ನು ತಗ್ಗಿಸಬೇಕು ಎಂಬ ಸೂತ್ರವನ್ನು 1959ರಲ್ಲಿ ರಸೆಲ್ ಮತ್ತು ಬರ್ಚ್ ಮುಂದಿಟ್ಟರು. ಭಾರತದಲ್ಲೂ ಪ್ರತಿ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ರೋಗಿಯ ಚರ್ಮದ ಕೋಶವನ್ನು, ಬೇರೆಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶವಾಗಿಸಿ, ಅದರಿಂದ ಡೋಪಮೈನ್ ನರಕೋಶಗಳನ್ನೂ ನಡುಮೆದುಳನ್ನು ಹೋಲುವ ಪುಟ್ಟ ಉಂಡೆಗಳನ್ನೂ ಬೆಳೆಸುವುದು ಈಗ ಸಾಧ್ಯ. ಅವು ಮನುಷ್ಯನವೇ ಕೋಶಗಳು ಎಂಬುದು ದೊಡ್ಡ ಅನುಕೂಲ. ಆದರೆ ತಟ್ಟೆಯಲ್ಲಿನ ಉಂಡೆ ನಡೆಯುವುದಿಲ್ಲ, ಎಡವುವುದಿಲ್ಲ. ವಯಸ್ಸಿನ ದೃಷ್ಟಿಯಿಂದ ಅದು ಇನ್ನೂ ಭ್ರೂಣದ ಹಂತದ್ದು.

2023ರಲ್ಲಿ ಲುಂಡ್ ವಿಶ್ವವಿದ್ಯಾಲಯದ ಮಾಲಿನ್ ಪರ್ಮಾರ್ ನೇತೃತ್ವದ ಪ್ರಯೋಗದಲ್ಲಿ, ಕಾಂಡಕೋಶದಿಂದ ಬೆಳೆಸಿದ ಡೋಪಮೈನ್ ಕೋಶಗಳನ್ನು ಎಂಟು ರೋಗಿಗಳಲ್ಲಿ ಮೊದಲನೆಯವರಿಗೆ ಕಸಿ ಮಾಡಲಾಯಿತು. ಅದಕ್ಕೆ ಮುನ್ನ ಆ ಕೋಶಗಳು ದಾಟಿದ ಪರೀಕ್ಷೆಗಳಲ್ಲಿ ಒಂದು, ಉಂಗರ್‌ಸ್ಟೆಟ್ ಕಟ್ಟಿಕೊಟ್ಟ ಅದೇ ಹಳೆಯ ಇಲಿಯದು: ಒಂದು ಬದಿ ಬರಿದಾದ, ಆಂಫೆಟಮೈನ್ ಕೊಟ್ಟಾಗ ಸುತ್ತುವ ಇಲಿ. ಕಸಿ ಮಾಡಿದ ಮೊದಲ ವಾರಗಳಲ್ಲಿ ಇಲಿ ಮುಂಚಿನಂತೆಯೇ ಸುತ್ತುತ್ತಿತ್ತು. ಇಲಿಯ ಭ್ರೂಣದ ಕೋಶವಾದರೆ ಕೆಲವು ವಾರಗಳಲ್ಲಿ ಬಲಿತು ಕೆಲಸಕ್ಕೆ ನಿಲ್ಲುತ್ತದೆ. ಮನುಷ್ಯನ ಕೋಶ ಇಲಿಯ ತಲೆಯೊಳಗಿದ್ದರೂ ಮನುಷ್ಯನ ಗತಿಯಲ್ಲೇ ಬೆಳೆಯುತ್ತದೆ. ಸುತ್ತುಗಳ ಎಣಿಕೆ ಇಳಿಯುವುದಕ್ಕೆ ಸಂಶೋಧಕರು ಸುಮಾರು ಆರು ತಿಂಗಳು ಕಾಯಬೇಕಾಯಿತು.